ಮೂಲ ಲೈಸೆನ್ಸ್ ಎಲ್ಲೈತಿ ತಮ್ಮಾ?

"ಮೂಲ ಲೈಸೆನ್ಸ್ ಎಲ್ಲೈತಿ ತಮ್ಮಾ?"

"ಮೊಬೈಲ್‌ನ್ಯಾಗ ಐತ್ರಿ ಅಕ್ಕಾರ."

"ಮೊಬೈಲ್ ಇಲ್ಲಿ ಪೊಲೀಸರಿಗೆ ತೋರಸಾಕ ಆತು. ಅಲ್ಲಿ ಏನ್ ತೋರಸ್ತಿ?"

ಈ ವಾರ ಹುಬ್ಬಳ್ಳಿಯ ಒಂದು ಆನ್‌ಲೈನ್ ಸೆಂಟರಿನಲ್ಲಿ ಕಿವಿಗೆ ಬಿದ್ದ ಮಾತು. ಹುಡುಗ ಗದಗಿನವನು, ಬೆಂಗಳೂರಿನಲ್ಲಿ ನೌಕರಿ. ಗೆಳೆಯರ ಜೋಡಿ ಜಪಾನಿಗೆ ಹೊರಟಿದ್ದಾನೆ, ಹೊಕ್ಕೈಡೊದಲ್ಲಿ ಬಾಡಿಗೆ ಕಾರು ಹಿಡಿದು ತಿರುಗಬೇಕಂತ. ಟಿಕೆಟ್ ಆಗಿದೆ, ಹೋಟೆಲ್ ಆಗಿದೆ, ಕಾರಿಗೆ ಮುಂಗಡವೂ ಆಗಿದೆ. ಮೂಲ ಲೈಸೆನ್ಸಿನ ಕಾರ್ಡು ಮಾತ್ರ ಎಲ್ಲಿದೆಯೆಂದು ಅವನಿಗೇ ಗೊತ್ತಿಲ್ಲ.

ಹುಡುಗ ದಡ್ಡನಲ್ಲ. ಡಿಜಿಲಾಕರ್‌ನಲ್ಲಿರುವ ಲೈಸೆನ್ಸ್ ನಮ್ಮ ದೇಶದಲ್ಲಿ ಕಾನೂನುಬದ್ಧ. ಚನ್ನಮ್ಮ ಸರ್ಕಲ್‌ನಲ್ಲಿ ನಿಲ್ಲಿಸಿದರೂ ಅದನ್ನು ತೋರಿಸಿ ಮುಂದೆ ಹೋಗಬಹುದು. ಅದಕ್ಕೇ ಕಾರ್ಡು ಅಲಮಾರಿಯ ಯಾವುದೋ ಮೂಲೆ ಸೇರುತ್ತದೆ. ವಿದೇಶದ ಬಾಡಿಗೆ ಕಾರಿನ ಕೌಂಟರಿನಲ್ಲಿ ಮೂರು ವಸ್ತು ಕೈಗೆ ಕೊಡಬೇಕು: ಪಾಸ್‌ಪೋರ್ಟ್, ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್, ಮೂಲ ಲೈಸೆನ್ಸಿನ ಕಾರ್ಡು. ಕೊನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಬೆಲೆ ಇಲ್ಲ. ಪರ್ಮಿಟ್ ನಿಮಗೆ ಗಾಡಿ ಓಡಿಸುವ ಹೊಸ ಹಕ್ಕು ಏನನ್ನೂ ಕೊಡುವುದಿಲ್ಲ. ನಿಮ್ಮ ಊರಿನ ಆರ್‌ಟಿಒ ಕೊಟ್ಟ ಹಕ್ಕನ್ನು ಬೇರೆ ದೇಶದವರಿಗೆ ಓದಲು ಬರುವ ಹಾಗೆ ಬರೆದು ಕೊಡುತ್ತದೆ, ಅಷ್ಟೇ. ಕಾರ್ಡು ಕಳೆದಿದ್ದರೆ ಮೊದಲು ಡೂಪ್ಲಿಕೇಟ್ ಲೈಸೆನ್ಸ್, ಆಮೇಲೆ ಪರ್ಮಿಟ್.

ಸೆಂಟರಿನ ಅಕ್ಕಾರು ಇದನ್ನೆಲ್ಲ ವಿವರಿಸುವ ತನಕ ಹುಡುಗ ಸುಮ್ಮನಿದ್ದ. ನಂತರ ಪಾಕೀಟಿನಿಂದ ಫಳಫಳ ಹೊಳೆಯುವ ಒಂದು ಪ್ಲಾಸ್ಟಿಕ್ ಕಾರ್ಡು ತೆಗೆದ. "ಇದನ್ನ ಆನ್‌ಲೈನ್‌ನ್ಯಾಗ ಮಾಡ್ಸೀನ್ರೀ. ಮೂರು ವರ್ಷದ ಪರ್ಮಿಟ್." ಡಾಲರಿನಲ್ಲಿ ದುಡ್ಡು ಕಟ್ಟಿದ್ದನಂತೆ. ಅಕ್ಕಾರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೈಯ್ಯಲಿಲ್ಲ, ನಗಲಿಲ್ಲ. ಮತ್ತೆ ಅದೇ ಕೇಳಿದರು: "ಮೂಲ ಲೈಸೆನ್ಸ್ ಎಲ್ಲೈತಿ?"

ಇಂಥ ಕಾರ್ಡು ಮಾರುವ ಜಾಲತಾಣಗಳ ಮೇಲೆ ನನಗೆ ಕನಿಕರವಿಲ್ಲ. ಭೂಗೋಳದ ಚಿತ್ರ, ಚಿನ್ನದ ಬಣ್ಣದ ಮುದ್ರೆ, ಹೆಸರಿನಲ್ಲೊಂದು 'ಇಂಟರ್‌ನ್ಯಾಷನಲ್' — ಸರಕಾರಿ ಕಾಗದಕ್ಕಿಂತ ಹೆಚ್ಚು ಸರಕಾರಿಯಾಗಿ ಕಾಣುತ್ತವೆ. ಭಾರತದ ಲೈಸೆನ್ಸ್ ಇದ್ದವರಿಗೆ ಈ ಪರ್ಮಿಟ್ ಸಿಗುವುದು ಆರ್‌ಟಿಒದಿಂದ. ನಮ್ಮ ದೇಶ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಇದನ್ನು ಕೊಡುತ್ತದೆ, ಆ ಒಪ್ಪಂದದಲ್ಲಿ ಪರ್ಮಿಟ್‌ನ ಅವಧಿ ಒಂದೇ ವರ್ಷ. ಹಾಗಾಗಿ ಭಾರತದ ಲೈಸೆನ್ಸಿನ ಮೇಲೆ ಮೂರು ವರ್ಷ, ಹತ್ತು ವರ್ಷ ಎಂದು ಯಾರು ಕೊಟ್ಟರೂ ಅದು ಸುಳ್ಳು ಎಂದು ಅಲ್ಲೇ ತಿಳಿಯಬಹುದು. ರೂಪವೂ ಕಾರ್ಡಿನದಲ್ಲ: ಬೂದು ಹೊದಿಕೆ, ಒಳಗೆ ಬಿಳಿ ಹಾಳೆ, ಹಲವು ಭಾಷೆಯ ಪುಟಗಳಿರುವ ಸಣ್ಣ ಪುಸ್ತಕ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೇಶಕ್ಕೆಲ್ಲ ಒಂದೇ ಮಾದರಿ ಮಾಡಿತು. ಕ್ಯೂಆರ್ ಕೋಡ್ ಸೇರಿದ್ದು ಆಗಲೇ. ಅದಕ್ಕೂ ಮೊದಲು ರಾಜ್ಯಕ್ಕೊಂದು ಅಳತೆ, ರಾಜ್ಯಕ್ಕೊಂದು ಬಣ್ಣ ಇದ್ದು, ಕೆಲವರು ವಿದೇಶದಲ್ಲಿ ಇದು ಅಸಲಿಯೇ ಎಂಬ ಪ್ರಶ್ನೆ ಎದುರಿಸಬೇಕಾಗುತ್ತಿತ್ತು.

ಜಪಾನ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. 1949ರ ಮಾದರಿಯ ಪುಸ್ತಕ ಬಿಟ್ಟು ಬೇರೆ ಪರ್ಮಿಟ್ ಮುಟ್ಟುವುದಿಲ್ಲ. ಜರ್ಮನಿ, ಫ್ರಾನ್ಸಿನ ಲೈಸೆನ್ಸ್ ಇದ್ದವರು ಪರ್ಮಿಟ್ ಬದಲು ತಮ್ಮ ಲೈಸೆನ್ಸಿನ ಜಪಾನಿ ಅನುವಾದ ಹಿಡಿಯಬೇಕು. ನಮ್ಮ ಪುಸ್ತಕ ಮಾತ್ರ ಸಲೀಸಾಗಿ ನಡೆಯುತ್ತದೆ, ಮೇಲಾಗಿ ಅಲ್ಲೂ ಎಡಗಡೆ ಸಂಚಾರ. ಅದೇ ಪುಸ್ತಕ ಹಿಡಿದು ವಿಯೆಟ್ನಾಂಗೆ ಹೋದರೆ ಕಥೆ ತಿರುವುಮುರುವು. ವಿಯೆಟ್ನಾಂ ಇರುವುದು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲಿ, ನಮ್ಮ ಪರ್ಮಿಟ್ ಅಲ್ಲಿ ಕಾಯ್ದೆ ಪ್ರಕಾರ ನಡೆಯುವುದಿಲ್ಲ. ಈಗ ನಮ್ಮ ಕಡೆಯ ಹುಡುಗರು ಗುಂಪುಗಟ್ಟಿ ಅಲ್ಲಿಗೆ ಹೋಗಿ ಸ್ಕೂಟರ್ ಬಾಡಿಗೆ ಹಿಡಿಯುತ್ತಾರೆ. ಬಾಡಿಗೆಯವನು ಏನೂ ಕೇಳದೆ ಕೀಲಿ ಕೊಡುತ್ತಾನೆ. ಅವನಿಗೇನು? ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದೇ ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇತ್ತೇ ಎಂದು. ಚೀನಾ ಯಾವ ಅಂತರರಾಷ್ಟ್ರೀಯ ಪರ್ಮಿಟ್ಟನ್ನೂ ಒಪ್ಪುವುದಿಲ್ಲ, ಅಲ್ಲಿನದೇ ತಾತ್ಕಾಲಿಕ ಲೈಸೆನ್ಸ್ ಮಾಡಿಸಬೇಕು. ಬ್ರಿಟನ್ನಿನಲ್ಲಿ ಉಲ್ಟಾ: ನಮ್ಮ ಲೈಸೆನ್ಸಿನ ಮೇಲೆಯೇ 12 ತಿಂಗಳು ಕಾರು ಓಡಿಸಬಹುದು. ಇಟಲಿಯಲ್ಲಿ ಪರ್ಮಿಟ್ ಇಲ್ಲವೇ ಪ್ರಮಾಣೀಕೃತ ಅನುವಾದ ಬೇಕು. ಬಾಡಿಗೆ ಕಂಪನಿಯವರು ಕೇಳದೇ ಬಿಟ್ಟರೂ ರಸ್ತೆಯಲ್ಲಿ ಪೊಲೀಸರು ಕೇಳಿದರೆ ದಂಡ ನಿಮ್ಮದು.

ಅರ್ಜಿ ಹಾಕುವುದು ಕಷ್ಟದ ಕೆಲಸವೇನಲ್ಲ. ಸಾರಥಿ ಪರಿವಾಹನ್ ಪೋರ್ಟಲ್ ತೆಗೆದು, ಕರ್ನಾಟಕ ಆರಿಸಿ, ಲೈಸೆನ್ಸ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಹಾಕಿ, ಸೇವೆಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ಟಿಗೆ ಗುರುತು ಹಾಕಬೇಕು. ಅರ್ಜಿ ನಮೂನೆ 4ಎ. ಪಾಸ್‌ಪೋರ್ಟ್, ಲೈಸೆನ್ಸ್, ಫೋಟೊ ಏರಿಸಿ ಶುಲ್ಕ ಕಟ್ಟುವುದು. ಕೇಂದ್ರ ನಿಯಮದ ಶುಲ್ಕ 1000 ರೂಪಾಯಿ. ವೀಸಾ ಪ್ರತಿ ಮತ್ತು ವೈದ್ಯಕೀಯ ಪ್ರಮಾಣಪತ್ರದ ಷರತ್ತನ್ನು 2021ರ ಜನವರಿಯ ಅಧಿಸೂಚನೆಯಲ್ಲೇ ತೆಗೆದಿದ್ದಾರೆ. ಆದರೂ ಕೇಳುವವರು ಕೇಳುತ್ತಾರೆ. ವೀಸಾ ಬಂದಿದ್ದರೆ ಟಿಕೆಟ್ ಜೋಡಿ ಅದರದೊಂದು ಪ್ರತಿ ಇಟ್ಟುಕೊಂಡರೆ ವಾದ ಮಾಡುವ ಕೆಲಸ ತಪ್ಪುತ್ತದೆ. ಲೈಸೆನ್ಸಿನ ವಿಳಾಸ ಯಾವ ಆರ್‌ಟಿಒ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೆ ಅರ್ಜಿ ಹೋಗುವುದು ವಾಡಿಕೆ: ಧಾರವಾಡ ಕೆಎ 25, ಹುಬ್ಬಳ್ಳಿ 63, ಗದಗ 26, ಹಾವೇರಿ 27, ರಾಣೆಬೆನ್ನೂರು 68. ಈ ಹುಡುಗನದು 26. ಹುಬ್ಬಳ್ಳಿಯಲ್ಲಿ ಕೂತು ಅರ್ಜಿ ತುಂಬಿದರೂ ಕೆಲಸ ಗದಗಿನಲ್ಲೇ.

ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಒಂದು, ಹಳೆಯ ಪುಸ್ತಕದ ಲೈಸೆನ್ಸು. ಅದರ ವಿವರ ಸಾರಥಿಯಲ್ಲಿ ಏರದಿದ್ದರೆ ಸಂಖ್ಯೆ ಹಾಕಿದಾಗ ದಾಖಲೆ ಇಲ್ಲ ಎನ್ನುತ್ತದೆ. ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ನಮೂದು, ಅಂದರೆ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸುವ ತನಕ ಮುಂದೆ ಹೋಗುವುದಿಲ್ಲ. ಇನ್ನೊಂದು, ಎಂದೋ ಬಿಟ್ಟ ಮೊಬೈಲ್ ನಂಬರಿಗೆ ಒಟಿಪಿ ಹೋಗುವುದು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರು. ನಮ್ಮ ಕಡೆ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಹೀಗೆ ಮೂರು. ಲೈಸೆನ್ಸಿನಲ್ಲಿ ಅಪ್ಪನ ಹೆಸರು ಒಂದೇ ಅಕ್ಷರವಾಗಿ ಕೂತಿರುತ್ತದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಇರುತ್ತದೆ, ಕ್ರೆಡಿಟ್ ಕಾರ್ಡಿನಲ್ಲಿ ಅಡ್ಡಹೆಸರೇ ಮಾಯ. ಹಿರೇಮಠದ ಕೊನೆಗೆ ಇಂಗ್ಲಿಷಿನಲ್ಲಿ ಒಂದು 'ಎಚ್' ಇದೆಯೋ ಇಲ್ಲವೋ, ಅದೂ ಒಂದು ಪ್ರಶ್ನೆ. ಗದಗಿನ ಗುಮಾಸ್ತನಿಗೆ ಅದೆಲ್ಲ ಒಬ್ಬನೇ ಮನುಷ್ಯ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಹೊಕ್ಕೈಡೊದ ಸಪ್ಪೊರೊ ಊರಿನ ಕೌಂಟರಿನವಳಿಗೆ ಅವು ಮೂರು ಬೇರೆ ಮಂದಿಯ ಕಾಗದ. ವಿಳಾಸದಲ್ಲಿ ಹುಬ್ಳಿ ಎಂದಿದ್ದರೂ ಹುಬ್ಬಳ್ಳಿ ಎಂದಿದ್ದರೂ ಅವಳಿಗೆ ಪರಿವೆಯಿಲ್ಲ, ಹೆಸರು ಮಾತ್ರ ತಾಳೆಯಾಗಬೇಕು. ಪರ್ಮಿಟ್ಟಿನಲ್ಲಿ ಪಾಸ್‌ಪೋರ್ಟಿನ ಹೆಸರೇ ಬೇಕೆಂದರೆ ಮೊದಲು ಲೈಸೆನ್ಸಿನ ಹೆಸರು ತಿದ್ದಿಸಬೇಕು, ಅದಕ್ಕೆ ಬೇರೆ ಅರ್ಜಿ, ಬೇರೆ ಸಮಯ.

ಅವಧಿಯ ಲೆಕ್ಕವನ್ನೂ ಜನ ತಪ್ಪುತ್ತಾರೆ. ಒಂದು ವರ್ಷ ಎಣಿಸುವುದು ಪರ್ಮಿಟ್ ಕೊಟ್ಟ ದಿನದಿಂದ, ವಿಮಾನ ಹತ್ತಿದ ದಿನದಿಂದಲ್ಲ. ಅಷ್ಟರೊಳಗೆ ಮೂಲ ಲೈಸೆನ್ಸಿನ ಅವಧಿ ಮುಗಿದರೆ ಪರ್ಮಿಟ್ಟೂ ಅಂದೇ ಮುಗಿಯಿತು. 2019ರ ತಿದ್ದುಪಡಿಯ ಪ್ರಕಾರ ಲೈಸೆನ್ಸನ್ನು ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ನವೀಕರಿಸಬಹುದು; 55 ದಾಟಿದವರಿಗೆ ಸಿಗುವುದು ಐದೈದು ವರ್ಷ, ಹಾಗಾಗಿ ಮಕ್ಕಳ ಕಡೆಗೆ ಹೊರಟ ಹಿರಿಯರು ಮೊದಲು ಆ ದಿನಾಂಕ ನೋಡಬೇಕು.

ಪುಸ್ತಕ ಕೈಗೆ ಬಂದಾಗ ಅಲ್ಲೇ ನಿಂತು ವರ್ಗದ ಪುಟ ತೆಗೆದು ನೋಡಿ. 'ಎ' ಎಂದರೆ ಮೋಟಾರ್‌ಸೈಕಲ್. 'ಬಿ' ಎಂದರೆ ಚಾಲಕನನ್ನು ಬಿಟ್ಟು ಎಂಟು ಸೀಟಿನವರೆಗಿನ, 3500 ಕೆ.ಜಿ. ಒಳಗಿನ ವಾಹನ. ಹತ್ತು ಮಂದಿಯ ವ್ಯಾನು ಹಿಡಿದು ಒಬ್ಬನೇ ಓಡಿಸುತ್ತೇನೆ ಎನ್ನುವವರಿಗೆ 'ಬಿ' ಸಾಲದು. ಬರೀ ಕಾರಿನ ಲೈಸೆನ್ಸ್ ಇದ್ದವರಿಗೆ 'ಎ' ಮುದ್ರೆ ಬೀಳುವುದಿಲ್ಲ, ಥಾಯ್ಲೆಂಡಿನಲ್ಲಿ ಸ್ಕೂಟರ್ ಮುಟ್ಟಬಾರದು.

ಇಷ್ಟೆಲ್ಲ ಸರಿಯಿದ್ದೂ ಕಾರು ಸಿಗದೇ ಇರಬಹುದು. ಠೇವಣಿ ಹಿಡಿಯಲು ಚಾಲಕನದೇ ಹೆಸರಿನ ಕ್ರೆಡಿಟ್ ಕಾರ್ಡು ಬೇಕೆನ್ನುವುದು ಹೆಚ್ಚಿನ ಕಡೆ ನಿಯಮ. ಗೆಳೆಯನ ಕಾರ್ಡು, ಡೆಬಿಟ್ ಕಾರ್ಡು ಬಹಳ ಕಡೆ ನಡೆಯುವುದಿಲ್ಲ. ಲೈಸೆನ್ಸ್ ಪಡೆದು ವರ್ಷವಾದರೂ ಆಗಿರಬೇಕೆನ್ನುವ ಕಂಪನಿಗಳಿವೆ, ಹಾಗಾಗಿ ಮೊದಲು ಲೈಸೆನ್ಸ್ ಕೊಟ್ಟ ದಿನಾಂಕ ಕಾರ್ಡಿನ ಮೇಲೆ ಕಾಣಬೇಕು. 25 ತುಂಬದವರಿಗೆ ಯುರೋಪು, ಅಮೆರಿಕದಲ್ಲಿ ದಿನಕ್ಕಿಷ್ಟು ಎಂದು ಹೆಚ್ಚುವರಿ ಬಾಡಿಗೆ. ಸರದಿಯ ಮೇಲೆ ಓಡಿಸುವ ಪ್ರತಿಯೊಬ್ಬರ ಹೆಸರೂ ಕರಾರಿನಲ್ಲಿ ಇರಬೇಕು, ಪ್ರತಿಯೊಬ್ಬರಿಗೂ ಅವರದೇ ಪರ್ಮಿಟ್ ಬೇಕು. ಹುಡುಗನಿಗೆ ಇದನ್ನು ಹೇಳಿದ ಕೂಡಲೇ ಅವನು ಗೆಳೆಯರಿಗೆ ಫೋನ್ ಹಚ್ಚಿದ, ಲೌಡ್‌ಸ್ಪೀಕರ್ ಹಾಕಿ: "ಲೇ, ನಿಮ್ಮ ಮೂಲ ಲೈಸೆನ್ಸ್ ಎಲ್ಲೆದಾವ್ರೋ?" ಆ ಕಡೆಯಿಂದ ಒಬ್ಬ, "ಮೊಬೈಲ್‌ನ್ಯಾಗ ಐತಲ್ಲೋ!"

ಹೊರದೇಶದಲ್ಲಿರುವಾಗಲೇ ಪರ್ಮಿಟ್ ಅವಧಿ ಮುಗಿದವರಿಗೆ 2021ರ ಅದೇ ಅಧಿಸೂಚನೆ ದಾರಿ ಮಾಡಿದೆ: ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಕೊಡಬಹುದು, ಅದು ಇಲ್ಲಿನ ಆರ್‌ಟಿಒಗೆ ಬರುತ್ತದೆ. ಆದರೆ ಇದು ಪ್ರವಾಸಿಗರ ಕಾಗದ. ದುಬೈಗೆ ಭೇಟಿ ಕೊಡುವ ಅಪ್ಪ ಇದರ ಮೇಲೆ ಕಾರು ಬಾಡಿಗೆ ಹಿಡಿಯಬಹುದು. ಅಲ್ಲೇ ರೆಸಿಡೆನ್ಸಿ ವೀಸಾದ ಮೇಲೆ ನೌಕರಿ ಮಾಡುವ ಮಗ ಅಲ್ಲಿನ ಲೈಸೆನ್ಸನ್ನೇ ಪಡೆಯಬೇಕು.