ಊಟದ ಹಾಲ್‌ನ ಗೋಡೆಯಲ್ಲಿ ನಾಲ್ಕು ಕಿಂಡಿ

ಹೋದ ತಿಂಗಳು ಗದಗಿನಲ್ಲಿ ದೊಡ್ಡವ್ವನ ಮೊಮ್ಮಗಳ ಮದುವೆ ಇತ್ತು. ಅಕ್ಕಿಕಾಳು ಹಾಕಿ, ಎರಡನೇ ಪಂಕ್ತಿಗೆ ಊಟಕ್ಕೆ ಕೂತೆ. ಎಲೆಗೆ ಬಡಿಸಿದ ಸಾರು ಅನ್ನದ ಹತ್ತಿರ ನಿಲ್ಲಲೇ ಇಲ್ಲ. ಮೆಲ್ಲಗೆ ಒಂದೇ ಕಡೆಗೆ ಹರಿಯಿತು. ಟೇಬಲ್ ಸರಿ ಮಾಡೋಣ ಅಂತ ಬಗ್ಗಿದೆ. ಪಕ್ಕದಲ್ಲಿದ್ದ ಕಾಕಾ ಕೈ ಹಿಡಿದರು. "ಟೇಬಲ್ ಸರಿ ಐತಿ ಬಿಡಪಾ. ಇದು ನಮ್ಮ ಟಾಕೀಜಿನ ಇಳಿಜಾರು. ಎಷ್ಟು ಸಿಮೆಂಟ್ ಹಾಕಿದ್ರೂ ಪೂರಾ ಹೋಗಿಲ್ಲ ನೋಡ."

ಕಾಕಾ ಈ ಕಟ್ಟಡದಲ್ಲೇ ಆಪರೇಟರ್ ಆಗಿದ್ದವರು. ಟಾಕೀಜು ಮುಚ್ಚಿ, ಕೆಲವು ವರ್ಷ ಹತ್ತಿ ಗೋದಾಮಾಗಿ, ಈಗ ಮಂಗಲ ಕಾರ್ಯಾಲಯ. ನನಗೆ ಇದೆಲ್ಲ ಗೊತ್ತಿತ್ತು, ಆದರೆ ಯಾವತ್ತೂ ಕಣ್ಣಿಟ್ಟು ನೋಡಿರಲಿಲ್ಲ. ಅವತ್ತು ತಲೆ ಎತ್ತಿ ಹಿಂದಿನ ಗೋಡೆ ನೋಡಿದೆ. ಮೇಲೆ, ಗುಲಾಬಿ ಬಣ್ಣದ ಅಡಿಯಲ್ಲಿ ನಾಲ್ಕು ಚೌಕದ ಗುರುತು. ಎರಡು ದೊಡ್ಡವು, ಎರಡು ಸಣ್ಣವು.

"ಎರಡು ಪ್ರೊಜೆಕ್ಟರ್ ಇದ್ದವು," ಅಂದರು ಕಾಕಾ. "ಒಂದೊಂದಕ್ಕ ಎರಡು ಕಿಂಡಿ. ಒಂದು ಬೆಳಕಿಗೆ, ಇನ್ನೊಂದು ನಮ್ಮ ಕಣ್ಣಿಗೆ." ಸಾವಿರ ಅಡಿ ರೀಲ್ ಅಂದರೆ ಹೆಚ್ಚುಕಡಿಮೆ ಹನ್ನೊಂದು ನಿಮಿಷ. ಅದು ಮುಗಿಯುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಅದನ್ನು ಸಣ್ಣ ಕಿಂಡಿಯಿಂದ ನೋಡಿ ಎರಡನೇ ಯಂತ್ರ ಶುರು ಮಾಡಬೇಕು. ಇಡೀ ಸಿನಿಮಾಕ್ಕೆ ಹೀಗೆ ಹತ್ತು ಹದಿನಾಲ್ಕು ಸಲ, ಜೊತೆಗೆ ಯಂತ್ರಕ್ಕೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಸುಟ್ಟು ಸವೆದ ಹಾಗೆ ಸರಿಸುತ್ತಾ ಇರಬೇಕು. ಕೆಳಗೆ ಕೂತವರಿಗೆ ಇದು ಯಾವುದೂ ಗೊತ್ತಾಗಬಾರದು.

ಊಟ ಆದ ಮೇಲೆ ಹೊರಗಿನ ಕಲ್ಲಿನ ಮೆಟ್ಟಿಲು ಹತ್ತಿದೆವು. ಪ್ರೊಜೆಕ್ಟರ್ ಇದ್ದ ಕ್ಯಾಬಿನ್ನಿಗೆ ಹಾಲಿನ ಒಳಗಿಂದ ದಾರಿಯೇ ಇಲ್ಲ. ಯಾಕೆ ಅಂತ ಕೇಳಿದೆ. ಬೆಂಕಿ. 1950ರ ದಶಕದ ಶುರುವಿನ ತನಕ ಸಿನಿಮಾ ರೀಲು ನೈಟ್ರೇಟ್ ಅನ್ನೋ ಬೇಗ ಹೊತ್ತಿಕೊಳ್ಳುವ ಪ್ಲಾಸ್ಟಿಕ್ಕಿನದು, ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಅದಕ್ಕೇ ಕ್ಯಾಬಿನ್ನಿಗೆ ದಪ್ಪ ಗೋಡೆ, ಬೇರೆ ಮೆಟ್ಟಿಲು, ಪ್ರತಿ ಕಿಂಡಿಗೂ ಮೇಲಿಂದ ಬೀಳುವ ಕಬ್ಬಿಣದ ಮುಚ್ಚಳ. ಈಗ ಅಲ್ಲಿ ಅಡುಗೆಯವರ ಉಳ್ಳಾಗಡ್ಡಿ ಚೀಲ ಇವೆ. ಮುಚ್ಚಳಗಳು ಮಾತ್ರ ಅಲ್ಲೇ ತುಕ್ಕು ಹಿಡಿದು ಕೂತಿವೆ. ಕಾಕಾ ಒಂದನ್ನು ಎಳೆದು ನೋಡಿದರು. ಜಪ್ಪಯ್ಯ ಅನ್ನಲಿಲ್ಲ.

ಆದರೆ ಸಿನಿಮಾ ಈ ಕಟ್ಟಡದ ಎರಡನೇ ಬಾಳು. ಮೊದಲು ಇದು ನಾಟಕದ ಥಿಯೇಟರ್. ಗದಗಿನವರಿಗೆ ನಾಟಕದ ಬಗ್ಗೆ ಹೇಳಿಕೊಡಬೇಕಾಗಿಲ್ಲ, ಶಾಂತಕವಿಗಳು 1870ರ ದಶಕದಲ್ಲೇ ಇಲ್ಲಿ ಕನ್ನಡದ ಕಂಪನಿ ಕಟ್ಟಿದವರು, ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಪಂಚಾಕ್ಷರಿ ಗವಾಯಿಗಳ ಆಶ್ರಮದ ನಾಟಕ ಸಂಘ, ಒಂದೇ ಎರಡೇ. ಆ ಕಾಲಕ್ಕೆ ಮೈಕು ಇಲ್ಲ. ನಟ ಹಾಡಿದ್ದು ಕೊನೇ ಸಾಲಿಗೆ ಕೇಳಬೇಕು ಅಂದರೆ ಕಟ್ಟಡವೇ ಕೈ ಹಿಡಿಯಬೇಕು ಅಲ್ವಾ? ಅದಕ್ಕೆ ಮರದ ಹಲಗೆಯ ಎತ್ತರದ ವೇದಿಕೆ, ಅದರ ಮುಂದೆ ಕಾಲ್ಪೆಟಿಗೆ (ಕಾಲಿಂದ ತುಳಿದು ನುಡಿಸುವ ಹಾರ್ಮೋನಿಯಂಗೆ), ತಬಲಾಕ್ಕೆ ತಗ್ಗು, ಮೇಲೆ ಸಾಗವಾನಿ ತೊಲೆಯ ಮಾಡು, ಎರಡೂ ಬದಿಗೆ ಗಾಳಿಗೆ ಸಾಲು ಬಾಗಿಲು.

ಮದುಮಕ್ಕಳ ಸೋಫಾ ಇಟ್ಟದ್ದು ಆ ವೇದಿಕೆಯ ಮೇಲೇ. ಹಾರ್ಮೋನಿಯಂ ತಗ್ಗು ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಸಾಲು ಬಾಗಿಲುಗಳನ್ನು ಸಿನಿಮಾದವರೇ ಇಟ್ಟಿಗೆ ಇಟ್ಟು ಮುಚ್ಚಿದ್ದರು, ಬೆಳಕು ಒಳಗೆ ಬರಬಾರದು ಅಂತ. ಗಾರೆ ಬಿರುಕು ಬಿಟ್ಟ ಕಡೆ ಬಾಗಿಲ ಕಮಾನು ಈಗಲೂ ಕಾಣುತ್ತದೆ. ನಾನು ಒಂದು ಬದಿಯಲ್ಲೇ ಐದು ಎಣಿಸಿದೆ.

ಕಾರ್ಯಾಲಯದ ಮಾಲೀಕರು ಸಿಕ್ಕರು. ಒಳ್ಳೆ ಮನುಷ್ಯ. ಕಟ್ಟಡ 1865ರದು, ಹಂಚಿನ ಮೇಲೇ ಬರೆದಿದೆ ಅಂತ ಹೆಮ್ಮೆಯಿಂದ ಹೇಳಿದರು. ಒಂದು ಒಡೆದ ಹಂಚು ತರಿಸಿ ನೋಡಿದೆ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಹೆಸರು, ಕೆಳಗೆ 1865. ಆದರೆ ಅದು ಮಂಗಳೂರಿನಲ್ಲಿ ಅವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ಕಾಲ ಅದೇ ವರ್ಷ ಒತ್ತಿದ ಹಂಚು ಬಂತು. ಗದಗಿಗೆ ರೈಲು ಬಂದದ್ದೇ 1880ರ ದಶಕದಲ್ಲಿ, ಅದಕ್ಕೂ ಮೊದಲು ಅಷ್ಟು ದೂರದಿಂದ ಇಷ್ಟು ಹಂಚು ಬರುವುದು ಕಷ್ಟ. ಅದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು, ನನಗೂ ಬೇಜಾರಾಯಿತು.

ಮಳೆಗಾಲಕ್ಕೆ ಸೋರುತ್ತದೆ, ಮಂಗಗಳು ಹಂಚು ಒಡೆಯುತ್ತವೆ, ಎಲ್ಲ ತೆಗೆಸಿ ತಗಡು ಹೊದಿಸುತ್ತೇನೆ ಅಂದರು. ಅವರ ತೊಂದರೆ ಸುಳ್ಳಲ್ಲ. ಆದರೂ ತಡೆಯಲಾಗದೆ ಕೇಳಿಕೊಂಡೆ. ಬಟ್ಟೆಯ ಸೀಲಿಂಗ್ ಒಂದು ಕಡೆ ಸರಿಸಿ ನೋಡಿ ಸರ್, ಇಂಥ ಸಾಗವಾನಿ ತೊಲೆ ಈಗ ದುಡ್ಡು ಕೊಟ್ಟರೂ ಸಿಗಲ್ಲ, ಮೊಳೆ ಕಡಿಮೆ, ಒಂದಕ್ಕೊಂದು ಕಚ್ಚಿಸಿ ಕೂರಿಸಿದ್ದಾರೆ. ಹಂಚು ಕೈಯಾಡಿಸುವವರು ಇನ್ನೂ ಇದ್ದಾರೆ, ನಾನೇ ಹುಡುಕಿ ಕರೆತರುತ್ತೇನೆ. ತಗಡು ಹಾಕಿದರೆ ಮಳೆ ಬಂದಾಗ ಮಂತ್ರವೂ ಕೇಳಿಸಲ್ಲ. ಈ ಕೊನೇ ಮಾತು ಅವರಿಗೆ ನಾಟಿತು ಅಂತ ಕಾಣುತ್ತದೆ. "ನೋಡೋಣ. ಮೊದಲ ಅಳತಿ ತಗೊಂಡು ಫೋಟೋ ತಗೀರಿ," ಅಂದರು.

ಮುಂದಿನ ಭಾನುವಾರವೇ ಹೋದೆವು. ನಾನು ಟೇಪು, ನೋಟ್‌ಬುಕ್ ಹಿಡಿದು ಹೋದೆ. ಕಾಕಾ ಒಂದು ಬಾಟಲಿ ಸೀಮೆಎಣ್ಣೆ, ಹಳೇ ಬನಿಯನ್ ತುಂಡು ತಂದಿದ್ದರು. ನಾನು ತೊಲೆ ಅಳೆದು ಮುಗಿಸುವ ತನಕ ಅವರು ಮೇಲೆ ಒಬ್ಬರೇ ಕೂತು ಮುಚ್ಚಳ ಜಾರುವ ಸಂದು ಉಜ್ಜುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಲಿಂದ ಧಡ್ ಅಂತ ಸದ್ದು ಬಂತು. ಖಾಲಿ ಹಾಲಿನ ಮಧ್ಯೆ ನಿಂತು ಮೇಲೆ ನೋಡಿದೆ. ಗುಲಾಬಿ ಬಣ್ಣ ಒಡೆದು, ಒಂದು ಸಣ್ಣ ಕಿಂಡಿಯ ಅಂಚಿಗೆ ಕಪ್ಪು ಗೆರೆ ಮೂಡಿತ್ತು.