ಬಾವಿಯ ಖಾಲಿ ಜಾಗವನ್ನು ನಾನೇ ತಿಂದು ಹಾಕಿದ್ದೆ

ಬೆಂಗಳೂರು ದಿಬ್ಬದ ಮೇಲಿನ ಊರು. ಕೊಳಚೆ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಕಡೆ ಬಹುಮಟ್ಟಿಗೆ ತಾನೇ ಇಳಿದು ಹೋಗುತ್ತದೆ. ಇಳಿಜಾರು ಸಿಗದ ತಗ್ಗಿನಲ್ಲಿ ಮಾತ್ರ ಬಾವಿ ತೋಡಿ, ಪಂಪ್ ಇಟ್ಟು ಎತ್ತಬೇಕು. ನನ್ನ ಮೊದಲ ಕೆಲಸ ಅಂಥದ್ದೊಂದು ಪಂಪ್‌ಹೌಸ್‌ನಲ್ಲಿ. ವಾಸನೆ ವಾರದಲ್ಲೇ ಅಭ್ಯಾಸವಾಯಿತು. ಬೆಳ್ಳಿ ಉಂಗುರ ಕಪ್ಪಾದಾಗ ಮಾತ್ರ ಅಮ್ಮ ಗಾಬರಿಯಾದರು.

ಬಾವಿಯ ಅಡ್ಡಳತೆ 6 ಮೀಟರ್. ಒಂದು ಮೀಟರ್ ನೀರೆಂದರೆ ಸುಮಾರು 28 ಸಾವಿರ ಲೀಟರ್. ಒಳಹರಿವು ಎಷ್ಟೆಂದು ತಿಳಿಯಲು ಮೀಟರ್ ಇರಲಿಲ್ಲ. ಪಂಪ್ ನಿಲ್ಲಿಸಿ, ಮಟ್ಟ ಒಂದು ಮೀಟರ್ ಏರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡುತ್ತಿದ್ದೆವು. ಬೆಳಗಿನ ಸ್ನಾನದ ಹೊತ್ತಿಗೆ 12 ನಿಮಿಷ, ಅಂದರೆ ಸೆಕೆಂಡಿಗೆ 40 ಲೀಟರ್.

ಪಂಪಿನ ಶಕ್ತಿ ಸೆಕೆಂಡಿಗೆ 80 ಲೀಟರ್. ಹರಿವು ಸರಿಯಾಗಿ ಅದರ ಅರ್ಧಕ್ಕೆ ಬಂದಾಗಲೇ ಪಂಪ್ ಅತಿ ಹೆಚ್ಚು ಸಲ ಆನ್-ಆಫ್ ಆಗುವುದು. ಪಂಪಿಗೆ ತೇಲುವ ಸ್ವಿಚ್ಚುಗಳಿದ್ದವು: ನೀರು ಏರಿದಾಗ ಶುರು ಮಾಡುವ ಸ್ಟಾರ್ಟ್ ಫ್ಲೋಟ್, ಇಳಿದಾಗ ನಿಲ್ಲಿಸುವ ಸ್ಟಾಪ್ ಫ್ಲೋಟ್. ಎರಡರ ನಡುವೆ ಇದ್ದದ್ದು ಕಾಲು ಮೀಟರ್ ಅಂತರ. ಗಂಟೆಗೆ 10 ಸಲ ಸ್ಟಾರ್ಟ್, ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಸುಡುವುದು ಮಾಮೂಲಾಯಿತು. ನಾನು ಬುದ್ಧಿವಂತನಂತೆ ಸ್ಟಾರ್ಟ್ ಫ್ಲೋಟನ್ನು ಒಂದು ಮೀಟರ್ ಮೇಲೆತ್ತಿದೆ. ಗಂಟೆಗೆ ಎರಡೇ ಸಲ! ನೀರು ಎತ್ತುವ ಎತ್ತರವೂ ಕಮ್ಮಿ, ಕರೆಂಟೂ ಉಳಿತಾಯ. ಹಳೆಯ ಆಪರೇಟರ್ ಒಬ್ಬರೇ ಫ್ಲೋಟ್ ನೋಡಿ, "ಮಳೆಗಾಲ ಬರ್ತಿದೆಯಲ್ಲ ಸಾರ್" ಅಂದರು. ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಸ್ಟಾರ್ಟ್ ಮಟ್ಟದಿಂದ ಒಳಬರುವ ಪೈಪಿನ ತಳದವರೆಗೆ ಒಂದೂಕಾಲು ಮೀಟರ್ ಖಾಲಿ ಜಾಗವಿತ್ತು. ನಾನು ಉಳಿಸಿದ್ದು ಕಾಲು ಮೀಟರ್.

ಮಳೆನೀರು ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಬರಲೇಬಾರದು. ಆದರೆ ಟೆರೇಸಿನ ಪೈಪನ್ನು ಸೀದಾ ಚೇಂಬರಿಗೆ ಬಿಟ್ಟ ಮನೆಗಳಿಗೆ ಲೆಕ್ಕವಿಲ್ಲ. ಒಂದು ಸಂಜೆ ಮಳೆ ಬಂತು, ಒಳಹರಿವು ಇಮ್ಮಡಿಯಾಯಿತು, ಮಟ್ಟ ಸ್ಟಾರ್ಟ್ ಫ್ಲೋಟಿನ ಹತ್ತಿರ ಇರುವಾಗಲೇ ಕರೆಂಟ್ ಹೋಯಿತು. ಬ್ಯಾಟರಿ ವೀಕಾಗಿದ್ದ ಜನರೇಟರ್ ಏಳಲು 10 ನಿಮಿಷ ಬೇಕಾಯಿತು. ಹಳೇ ಮಟ್ಟದಲ್ಲಿ ಬಾವಿಯೇ ಏಳೂವರೆ ನಿಮಿಷ ತಡೆಯುತ್ತಿತ್ತು, ಮಿಕ್ಕಿದ್ದನ್ನು ಪೈಪು ನುಂಗುತ್ತಿತ್ತು. ನನ್ನ ಮಟ್ಟದಲ್ಲಿ ಸಿಕ್ಕಿದ್ದು ಒಂದೂವರೆ ನಿಮಿಷ.

ಉಕ್ಕಿದ್ದು ಪಂಪ್‌ಹೌಸಿನಲ್ಲಲ್ಲ. ಸಾಲಿನಲ್ಲಿ ಎಲ್ಲಕ್ಕಿಂತ ತಗ್ಗಿನ ಮ್ಯಾನ್‌ಹೋಲ್ ಪಕ್ಕದ ಬೀದಿಯಲ್ಲಿತ್ತು. ಅದರ ಮುಚ್ಚಳ ಟಪಟಪ ಕುಣಿದು, ಆಮೇಲೆ ಒಂದು ಮನೆಯ ಬಚ್ಚಲ ತೂತಿನಿಂದ ನೀರು ಮೇಲೆದ್ದಿತು. ಆ ಮನೆಯ ಅಜ್ಜಿ ನನಗೆ ಬೈಯಲಿಲ್ಲ. ಪೊರಕೆ ಹಿಡಿದು ನಿಂತಿದ್ದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನ ಫ್ಲೋಟ್ ಕೆಳಗಿಳಿಸಿದೆ. ಸ್ಟಾರ್ಟ್‌ಗಳ ಸಮಸ್ಯೆಗೆ ಬೇರೆ ದಾರಿ ಇತ್ತು: ಎರಡು ಪಂಪುಗಳನ್ನು ಸರದಿಯಲ್ಲಿ ಓಡಿಸಿದರೆ ಒಂದೊಂದಕ್ಕೂ ಗಂಟೆಗೆ ಐದೇ. ಇದು ಮೊದಲೇ ಹೊಳೆಯಬೇಕಿತ್ತು. ಮುಂದೆ ದೊಡ್ಡ ಶೇಖರಣಾ ತೊಟ್ಟಿಗಳಿರುವ ಕಡೆಯೂ ಕೆಲಸ ಮಾಡಿದೆ. ಅಲ್ಲೂ ಇದೇ ಲೆಕ್ಕ: ಮುಂದಿನ ಮಳೆಗೆ ಜಾಗ ಖಾಲಿ ಇರಬೇಕು. ಮಳೆ ನಿಂತ ಮೇಲೆ ತೊಟ್ಟಿ ಬರಿದು ಮಾಡಿ, ತಳದ ಹೂಳು ತೊಳೆಯುವವರೆಗೆ ಶಿಫ್ಟ್ ಮುಗಿಯುವುದಿಲ್ಲ.

ಆ ಆಪರೇಟರ್ ನಿವೃತ್ತರಾಗುವವರೆಗೂ ಒಂದು ಅಭ್ಯಾಸ ಬಿಡಲಿಲ್ಲ. ಪಡುವಣದಲ್ಲಿ ಮೋಡ ಕಪ್ಪಾದರೆ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಬಾವಿಯನ್ನು ಸ್ಟಾಪ್ ಮಟ್ಟದವರೆಗೆ ಎಳೆದು, ಆಮೇಲೆ ಟೀ ಕುಡಿಯಲು ಹೋಗುತ್ತಿದ್ದರು.