ಮಿನ್ನಿಯಾಪೊಲಿಸ್ ಹಿಮಕ್ಕೆ ಮೂಡಿಗೆರೆ ಜೀಪಿನ ಬುದ್ಧಿ

ರಜೆಗೆ ಮೂಡಿಗೆರೆಗೆ ಬಂದು ನಾಲ್ಕು ದಿನ ಆಯಿತು. ಕಾಫಿ ಕುಯ್ಲಿನ ಸಮಯ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕಣದಲ್ಲಿ ಕಾಲಿನಲ್ಲೇ ಕಾಫಿ ಆಡಿಸುತ್ತಿದ್ದ ಚಿಕ್ಕಪ್ಪನಿಗೆ ಫೋನಿನಲ್ಲಿ ನನ್ನದೊಂದು ವಿಡಿಯೊ ತೋರಿಸಿದೆ. ಅಮೆರಿಕದಲ್ಲಿ ನಾನಿರುವ ಮಿನ್ನಿಯಾಪೊಲಿಸ್‌ನ ಹಿಮದಲ್ಲಿ ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್ ಹೊಡೆಯುತ್ತಿರುವುದು.

"ಇದೇನೋ, ಸೈಕಲ್ಲಿಗೆ ಬೈಕಿನ ಟೈರ್ ಹಾಕ್ಸಿದ್ದೀಯ?" ಅಂದರು.

ಟೈರಿನ ಅಗಲ 4 ಇಂಚು. ಹಿಮದ ಮೇಲೆ ಓಡಿಸಲೆಂದೇ ಅಲಾಸ್ಕಾದ ಕಡೆಯವರು ಇಂಥ ಟೈರಿನ ಹಿಂದೆ ಬಿದ್ದಿದ್ದರು. 2005ರಲ್ಲಿ ನಮ್ಮ ಮಿನ್ನೆಸೋಟ ರಾಜ್ಯದ ಸರ್ಲಿ ಕಂಪನಿ 'ಪಗ್ಸ್‌ಲಿ' ಅನ್ನುವ ಸೈಕಲ್ ತಂದ ಮೇಲೆ ಅಂಗಡಿಗಳಲ್ಲೂ ಸಿಗತೊಡಗಿತು. ಮೋಟರ್ ಸೇರಿಕೊಂಡಿದ್ದು ಆಮೇಲೆ. (ನಮ್ಮ ಮಿನ್ನೆಸೋಟ ಅಂತ ಬರೆದುಬಿಟ್ಟೆ ನೋಡಿ. ಅಮ್ಮ ಓದಿದರೆ ಬೈತಾರೆ.)

ಮೊದಲ ಚಳಿಗಾಲದಲ್ಲಿ ಬಿದ್ದ ಕಥೆ ಶುರು ಮಾಡಿದೆ. ಟೈರನ್ನು ಕಲ್ಲಿನ ಹಾಗೆ ಗಟ್ಟಿ ಮಾಡಿಕೊಂಡು ಹೊರಟಿದ್ದೆ. ಮೊದಲನೇ ತಿರುವಿನಲ್ಲೇ ಮುಂದಿನ ಚಕ್ರ ಒಂದು ಕಡೆ, ನಾನು ಒಂದು ಕಡೆ.

"ಗಾಳಿ ಇಳಿಸ್ಲಿಲ್ವೇನೋ?" ಚಿಕ್ಕಪ್ಪ ನಡುವೆಯೇ ಕೇಳಿದರು.

ಅದೇ ವಿಷಯ! ನನಗೆ ಒಂದು ತಿಂಗಳು, ಊದಿಕೊಂಡ ಮಂಡಿ, ಎರಡೂ ಬೇಕಾದವು ಇದು ಗೊತ್ತಾಗಲು. ಟಾರು ರಸ್ತೆಯಲ್ಲಿ ಈ ಟೈರಿಗೆ ಗಾಳಿಯ ಒತ್ತಡ 20 ಪಿಎಸ್‌ಐ ಇದ್ದರೆ ಚೆನ್ನ. ಮೆತ್ತನೆ ಹಿಮಕ್ಕೆ 6ರಿಂದ 8 ಸಾಕು. ಬೆರಳಲ್ಲಿ ಒತ್ತಿದರೆ ಒಳಗೆ ಹೋಗಬೇಕು. ಆಗ ಟೈರು ಚಪ್ಪಟೆಯಾಗಿ ಹರಡಿಕೊಂಡು ಹಿಮದ ಮೇಲೆ ನಿಲ್ಲುತ್ತದೆ, ಹೂತುಹೋಗುವುದಿಲ್ಲ. ಮಳೆಗಾಲದಲ್ಲಿ ತೋಟದ ಕೆಸರಲ್ಲಿ ಜೀಪು ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗಟ್ಟಿ ಐಸ್ ಇದ್ದರೆ ಮೊಳೆ ಕೂರಿಸಿದ ಟೈರ್ ಹಾಕುತ್ತೇವೆ ಅಂದೆ. "ನಾವು ಚೈನ್ ಕಟ್ಟಲ್ವಾ, ಹಂಗೆ" ಅಂದರು.

ಮೋಟರಿನದೂ ಅದೇ. ಜೋರಾಗಿ ಎಳೆಸಿದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ. ಕಡಿಮೆ ಅಸಿಸ್ಟ್‌ನಲ್ಲಿಟ್ಟು, ಅಂದರೆ ಮೋಟರಿನ ನೆರವು ತಗ್ಗಿಸಿ, ಸುಮ್ನೆ ಪೆಡಲ್ ತುಳಿಯುತ್ತಿರಬೇಕು.

ಆದರೆ ಚಳಿ ಮಾತ್ರ ಚಿಕ್ಕಪ್ಪನಿಗೆ ಗೊತ್ತಿಲ್ಲದ ಲೋಕ. ಮೈನಸ್ 15ರಲ್ಲಿ ಮೀಸೆ ಮೇಲೆ ಉಸಿರೇ ಗಟ್ಟಿಯಾಗುತ್ತದೆ. ಹ್ಯಾಂಡಲ್‌ಗೇ ಎರಡು ದಪ್ಪ ಚೀಲ ಕಟ್ಟಿ ಅದರೊಳಗೆ ಕೈ ತೂರಿಸಿಕೊಳ್ಳುತ್ತೇವೆ. ಹಿಮದ ಸದ್ದೂ ಬದಲಾಗುತ್ತದೆ. ಸೊನ್ನೆಯ ಹತ್ತಿರ ಇದ್ದಾಗ ದೋಸೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ, ಸದ್ದೇ ಇಲ್ಲ. ಚಳಿ ಏರಿದಂತೆ ಟೈರಿನಡಿ ಗರಗರ ಅನ್ನುತ್ತದೆ, ಥೇಟ್ ಒಣಗಿದ ಕಾಫಿ ಮೇಲೆ ನಡೆದ ಹಾಗೆ.

ಬ್ಯಾಟರಿಗಂತೂ ಚಳಿ ಆಗಿಬರುವುದಿಲ್ಲ. ಒಂದು ರಾತ್ರಿ ಸೋಮಾರಿತನದಿಂದ ಸೈಕಲ್ಲಿನಲ್ಲೇ ಬಿಟ್ಟಿದ್ದೆ. ಬೆಳಿಗ್ಗೆ ಮಿಡ್‌ಟೌನ್ ಗ್ರೀನ್‌ವೇಯಲ್ಲಿ ಹೊರಟೆ. ಹಳೇ ರೈಲು ದಾರಿಯನ್ನು ಸೈಕಲ್ಲಿಗೆ ಬಿಟ್ಟುಕೊಟ್ಟ ಸುಮಾರು 9 ಕಿಲೋಮೀಟರ್ ಹಾದಿ ಅದು, ಚಳಿಗಾಲದಲ್ಲೂ ಹಿಮ ತೆಗೆಯುತ್ತಾರೆ. ಅರ್ಧ ದಾರಿಗೆ ನಾಲ್ಕು ಕಡ್ಡಿ ಇದ್ದ ಚಾರ್ಜ್ ಒಂದಕ್ಕೆ ಇಳಿಯಿತು. ಆಮೇಲೆ ಅದೂ ಇಲ್ಲ. 32 ಕೆಜಿ ಸೈಕಲ್ಲನ್ನು ತುಳಿದುಕೊಂಡೇ ಆಫೀಸಿಗೆ ಹೋದೆ. ಒಳಗೆ ಹೋದ ತಕ್ಷಣ ಚಾರ್ಜಿಗೆ ಹಾಕುವ ಹಾಗೂ ಇಲ್ಲ. ತಣ್ಣಗೆ ಕೊರೆಯುವ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಲಿಥಿಯಂ ಒಳಗೆ ಇಳಿಯದೆ ಮೇಲೇ ಲೋಹದ ಪದರವಾಗಿ ಕೂರುತ್ತದೆ, ಆ ನಷ್ಟ ವಾಪಸ್ ಬರುವುದಿಲ್ಲ. ಬೆಚ್ಚಗಾಗುವವರೆಗೆ ಕಾಯಬೇಕು. ಈಗ ದಿನಾ ಸಂಜೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಗೆ ಹತ್ತುತ್ತೇನೆ.

ಎಲ್ಲ ಕೇಳಿದ ಚಿಕ್ಕಪ್ಪ, "ಮುಂದಿನ ಸಲ ಅದೊಂದು ತಗೊಂಡ್ ಬಾ. ಮಳೆಗಾಲದಲ್ಲಿ ಕೆಳಗಿನ ತೋಟಕ್ಕೆ ಹೋಗೋಕಾಗುತ್ತೆ" ಅಂದರು.

"ಆಗಲ್ಲ ಚಿಕ್ಕಪ್ಪ. ವಿಮಾನದಲ್ಲಿ ಪ್ರಯಾಣಿಕರಿಗೆ 160 ವ್ಯಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿ ತರೋಕೆ ಬಿಡಲ್ಲ. ನಂದು 672."

ಅವರು ಮತ್ತೆ ಕಾಫಿ ಆಡಿಸತೊಡಗಿದರು. ಎರಡು ಸಾಲು ಮುಗಿಸಿ ತಿರುಗಿದರು.

"ಹಂಗಾದ್ರೆ ಬರೀ ಟೈರ್ ತಾ."